ಕಿರಾಣಿ ಅಂಗಡಿಯ ಖಾತೆ: ಚಿಕ್ಕೋಡಿ ಸೀಮೆಯ ಚಿಲ್ಲರೆ ವ್ಯಾಪಾರವೂ ಡಿಜಿಟಲ್ ವೇದಿಕೆಗಳೂ

೧. ವಿಷಯಪ್ರವೇಶ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿರುವ ಕಬ್ಬೂರವು ಪಟ್ಟಣ ಪಂಚಾಯತಿಯ ಆಡಳಿತಕ್ಕೊಳಪಟ್ಟ ಒಂದು ಚಿಕ್ಕ ಊರು. ಅದರ ಸುತ್ತಲಿನ ಸೀಮೆಗೆ ಕಬ್ಬು ಮುಖ್ಯವಾದ ಬೆಳೆ, ನಿಪ್ಪಾಣಿಯ ಪೇಟೆ ತಂಬಾಕಿಗೆ ಹೆಸರಾದುದು, ಅಥಣಿ ಚಪ್ಪಲಿಗೆ. ಇಂತಹ ಊರುಗಳ ಮನೆಮನೆಗೆ ಬೇಳೆ, ಎಣ್ಣೆ, ಸಕ್ಕರೆ, ಚಹದ ಪುಡಿ, ಸಾಬೂನು ಮುಂತಾದ ನಿತ್ಯೋಪಯೋಗಿ ಸರಕುಗಳನ್ನು ಒದಗಿಸುವ ಕಾರ್ಯವನ್ನು ಕಿರಾಣಿ ಅಂಗಡಿಯೂ ವಾರದ ಸಂತೆಯೂ ಬಹುಕಾಲದಿಂದ ಹಂಚಿಕೊಂಡು ಬಂದಿರುವುವು. ಅಂಗಡಿಗೆ ಸರಕು ಬರುವುದು ನೆರೆಯ ದೊಡ್ಡ ಪೇಟೆಗಳ ಠೋಕ ವ್ಯಾಪಾರಿಗಳಿಂದ ಮತ್ತು ಕಂಪನಿಗಳ ವಿತರಕರಿಂದ. ಈ ಹಾದಿ ಹೊಸದಲ್ಲ. ಅದರಲ್ಲಿ ನಡೆಯುವವರು ಒಬ್ಬರನ್ನೊಬ್ಬರು ಮುಖಪರಿಚಯದಿಂದ ಬಲ್ಲವರು.

ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ಹಾದಿಗೆ ಸಮಾನಾಂತರವಾಗಿ ಮತ್ತೊಂದು ಹಾದಿ ನಿರ್ಮಾಣವಾಗಿದೆ. ಮೊಬೈಲಿನ ತೆರೆಯ ಮೇಲೆ ಕೊಳ್ಳುವವನನ್ನೂ ಮಾರುವವನನ್ನೂ ಒಂದುಗೂಡಿಸಿ, ಅವರ ನಡುವಣ ಬೆಲೆ, ಸಾಗಾಟ, ಪಾವತಿ ಇವುಗಳನ್ನು ತನ್ನ ನಿಯಮಗಳಿಂದ ನಡೆಸುವ ವ್ಯವಸ್ಥೆಗೆ ಡಿಜಿಟಲ್ ವೇದಿಕೆಯೆಂದು ಹೆಸರು. ಇದರ ಪರಿಣಾಮದ ವಿಷಯದಲ್ಲಿ ಎರಡು ಪಕ್ಷಗಳುಂಟು. ನಡುವಿನವರು ಇಲ್ಲವಾಗಿ ಸರಕು ಅಗ್ಗವಾಗುವುದೆಂದು ಒಂದು ಪಕ್ಷ. ಊರಿನ ಅಂಗಡಿಗಳೇ ಮುಚ್ಚಿಹೋಗುವುವೆಂದು ಇನ್ನೊಂದು. ಎರಡೂ ಪಕ್ಷಗಳವರು ಸರಕಿನ ಹಾದಿಯನ್ನೇ ದೃಷ್ಟಿಯಲ್ಲಿಟ್ಟು ವಾದಿಸುವರು. ಆದರೆ ವ್ಯಾಪಾರದಲ್ಲಿ ಸರಕಿನೊಡನೆ ಇನ್ನೊಂದು ವಸ್ತುವೂ ಸಂಚರಿಸುತ್ತಿರುವುದು, ಅದು ಲೆಕ್ಕ. ಯಾರು ಏನನ್ನು ಕೊಂಡರು, ಎಷ್ಟು ಕೊಟ್ಟರು, ಎಷ್ಟು ಬಾಕಿ ಉಳಿಸಿಕೊಂಡರು, ಯಾವಾಗ ತೀರಿಸುವರು ಎಂಬ ತಿಳಿವಳಿಕೆಯೇ ಚಿಲ್ಲರೆ ವ್ಯಾಪಾರಿಯ ನಿಜವಾದ ಬಂಡವಾಳ. ಡಿಜಿಟಲ್ ವೇದಿಕೆಗಳಿಂದಾಗಿರುವ ಬದಲಾವಣೆಗಳಲ್ಲಿ ಮುಖ್ಯವಾದುದು ಈ ಲೆಕ್ಕದ ಪುಸ್ತಕವು ಅಂಗಡಿಯ ಗಲ್ಲೆಯಿಂದ ಹೊರಟು ಬೇರೆಯವರ ಕೈಗೆ ಸೇರುತ್ತಿರುವುದೆಂಬುದನ್ನು ಸೋದಾಹರಣವಾಗಿ ತೋರಿಸುವುದೇ ಈ ಲೇಖನದ ಉದ್ದೇಶ.

೨. ಹಳೆಯ ಸರಪಳಿಯ ಸ್ವರೂಪ

ಸಾಬೂನು, ಬಿಸ್ಕತ್ತು, ಹಲ್ಲುಜ್ಜುವ ಪುಡಿಗಳಂತಹ ಕಾರಖಾನೆಯ ಸರಕು ಹಳ್ಳಿಯ ಅಂಗಡಿಯನ್ನು ಮುಟ್ಟುವ ಮೊದಲು ಮೂರು ನಾಲ್ಕು ಕೈಗಳನ್ನು ದಾಟುವುದು. ಕಂಪನಿಯು ತನ್ನ ಸರಕನ್ನು ರಾಜ್ಯಕ್ಕೊಂದು ಎರಡು ಕಡೆ ಇರುವ ಉಗ್ರಾಣದ ಏಜೆಂಟನಿಗೆ ಕಳಿಸುವುದು. ಆತನಿಂದ ತಾಲೂಕು ಅಥವಾ ಜಿಲ್ಲೆಯ ವಿತರಕನಿಗೆ. ವಿತರಕನಿಂದ ನೇರವಾಗಿ ಅಂಗಡಿಗೆ, ಇಲ್ಲವೆ ಠೋಕ ವ್ಯಾಪಾರಿಯ ಮೂಲಕ ಸಣ್ಣ ಹಳ್ಳಿಗಳ ಅಂಗಡಿಗಳಿಗೆ. ಬೇಳೆ, ಬೆಲ್ಲ, ಮೆಣಸಿನಕಾಯಿಗಳಂತಹ ಬಿಡಿ ಸರಕುಗಳ ಹಾದಿ ಬೇರೆ. ಅಲ್ಲಿ ಅಡತಿಯವನೂ ದಲಾಲನೂ ಇರುವರು.

ಈ ಕೈಗಳೆಲ್ಲ ವ್ಯರ್ಥವಾಗಿ ಲಾಭ ತಿನ್ನುವವೆಂದು ಮೇಲುನೋಟಕ್ಕೆ ತೋರುವುದುಂಟು. ಸೂಕ್ಷ್ಮವಾಗಿ ಪರಿಶೀಲಿಸಿದರೆ ಪ್ರತಿಯೊಂದು ಕೈಯೂ ಒಂದೊಂದು ಕೆಲಸವನ್ನು ನಿರ್ವಹಿಸುತ್ತಿರುವುದು ಕಾಣಬರುತ್ತದೆ. ದೊಡ್ಡ ರಾಶಿಯನ್ನು ಒಡೆದು ಸಣ್ಣದು ಮಾಡುವುದು ಮೊದಲನೆಯ ಕೆಲಸ. ಲಾರಿಯಲ್ಲಿ ಬಂದ ಸರಕು ಪೆಟ್ಟಿಗೆಯಾಗಿ, ಪೆಟ್ಟಿಗೆ ಪುಡಿಕೆಯಾಗಿ, ಕೊನೆಗೆ ಒಂದು ರೂಪಾಯಿಯ ಶಾಂಪೂ ಚೀಟಿಯಾಗಿ ಗಿರಾಕಿಯ ಕೈಸೇರಬೇಕು. ಕೂಡಿಡುವುದು, ಸಾಗಿಸುವುದು, ಹಾಳಾದುದನ್ನು ಹಿಂದಕ್ಕೆ ಪಡೆಯುವುದು ಅನಂತರದ ಕೆಲಸಗಳು. ಯಾವ ಓಣಿಯಲ್ಲಿ ಯಾವ ಸರಕು ಹೋಗುವುದೆಂಬ ಸಮಾಚಾರವನ್ನು ಮೇಲಕ್ಕೆ ಮುಟ್ಟಿಸುವುದು ಮತ್ತೊಂದು. ಇವೆಲ್ಲಕ್ಕೂ ಆಧಾರವಾದುದು ವಾಯಿದೆಯ ಮೇಲೆ ಸರಕು ಕೊಡುವುದು. ವಿತರಕನು ಅಂಗಡಿಕಾರನಿಗೆ ಸಾಮಾನ್ಯವಾಗಿ ಒಂದೆರಡು ವಾರಗಳ ವಾಯಿದೆ ಕೊಡುವನು. ಅಂಗಡಿಕಾರನು ಗಿರಾಕಿಗೆ ತಿಂಗಳುಗಟ್ಟಲೆ ಉದ್ರಿ ಕೊಡುವನು.

ಇಲ್ಲಿ ಒಂದು ಕಾನೂನಿನ ಸಂಗತಿಯನ್ನು ಗಮನಿಸತಕ್ಕದ್ದು. ೧೯೯೦ರಿಂದೀಚೆಗೆ ಭಾರತದಲ್ಲಿ ಪೊಟ್ಟಣದ ಸರಕುಗಳ ಮೇಲೆ ಗರಿಷ್ಠ ಚಿಲ್ಲರೆ ಬೆಲೆಯನ್ನು ಅಚ್ಚು ಹಾಕುವುದು ಕಡ್ಡಾಯವಾಗಿದೆ. ಆದುದರಿಂದ ಗಿರಾಕಿ ಕೊಡುವ ಹಣದ ಮೇಲ್ಮಿತಿ ಮೊದಲೇ ಗೊತ್ತಾಗಿರುವುದು. ಅದರೊಳಗೆ ಯಾರ ಪಾಲು ಎಷ್ಟೆಂಬುದೇ ವಿವಾದದ ವಿಷಯ. ಉದಾಹರಣೆಗಾಗಿ, ೧೦೦ ರೂಪಾಯಿ ಅಚ್ಚಾದ ಸರಕನ್ನು ಅಂಗಡಿಕಾರನು ೯೦ ರೂಪಾಯಿಗೂ, ವಿತರಕನು ೮೬ ರೂಪಾಯಿಗೂ ಕೊಂಡಿರುವರೆಂದು ಎಣಿಸಬಹುದು. ವಿತರಕನ ಪಾಲಿನ ೪ ರೂಪಾಯಿಯಲ್ಲಿ ಗೋದಾಮಿನ ಬಾಡಿಗೆ, ಗಾಡಿ, ಆಳಿನ ಸಂಬಳ, ವಾಯಿದೆಯ ಬಡ್ಡಿ, ಮುಳುಗಿದ ಬಾಕಿ ಇಷ್ಟೂ ಅಡಗಬೇಕು. ಯಾವುದೊಂದು ವೇದಿಕೆಯು ಅದೇ ಸರಕನ್ನು ೮೮ ರೂಪಾಯಿಗೆ ಅಂಗಡಿಗೆ ಮುಟ್ಟಿಸಿದರೆ ಅಂಗಡಿಕಾರನಿಗೆ ೨ ರೂಪಾಯಿ ಹೆಚ್ಚು ಉಳಿಯುವುದು. ವಿತರಕನಿಗಾದರೋ ಸರಕು ಗೋದಾಮಿನಲ್ಲಿಯೇ ಉಳಿಯುವುದು. ಪೈಪೋಟಿಯ ತಿರುಳು ಇಷ್ಟೆ.

೩. ಉದ್ರಿಯ ಅರ್ಥಶಾಸ್ತ್ರ

ಉದ್ರಿಯನ್ನು ಹಳ್ಳಿಯ ದುರಭ್ಯಾಸವೆಂದು ಎಣಿಸುವವರಿರುವರು. ಕಬ್ಬಿನ ಸೀಮೆಯಲ್ಲಿ ಅದು ಬೆಳೆಯ ಕಾಲಮಾನದಿಂದ ಹುಟ್ಟಿದ ಏರ್ಪಾಡು. ಕಬ್ಬು ಹೊಲದಲ್ಲಿ ನಿಲ್ಲುವುದು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು. ಕಾರಖಾನೆಗಳು ಅದನ್ನು ನುರಿಸುವುದು ಮುಖ್ಯವಾಗಿ ಚಳಿಗಾಲದ ತಿಂಗಳುಗಳಲ್ಲಿ. ೧೯೬೬ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಮುಟ್ಟಿದ ೧೪ ದಿನಗಳೊಳಗೆ ಕಾರಖಾನೆಯು ಹಣ ಸಲ್ಲಿಸತಕ್ಕದ್ದು. ಹಾಗಿದ್ದರೂ ಬಿಲ್ಲಿನ ವಿಳಂಬವೂ ಬೆಲೆಯ ವಿವಾದವೂ ಈ ಭಾಗಕ್ಕೆ ಅಪರಿಚಿತವಲ್ಲ. ೨೦೨೫ರ ಅಕ್ಟೋಬರದ ಕೊನೆಯಲ್ಲಿ ನೆರೆಯ ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ಕಬ್ಬಿನ ಬೆಲೆಗಾಗಿ ರೈತರು ನಡೆಸಿದ ಚಳವಳಿಯು ರಾಜ್ಯದ ಗಮನವನ್ನೆಲ್ಲ ಸೆಳೆದು, ನವೆಂಬರದಲ್ಲಿ ಸರಕಾರವು ಟನ್ನಿಗೆ ೩,೩೦೦ ರೂಪಾಯಿ ಬೆಲೆಯನ್ನು ಪ್ರಕಟಿಸಬೇಕಾಯಿತು. ಕಬ್ಬಿನ ಹಣ ಒಂದು ವಾರ ತಡವಾದರೆ ಅದು ಮೊದಲು ಕಾಣಿಸಿಕೊಳ್ಳುವುದು ಕಿರಾಣಿ ಅಂಗಡಿಯ ಖಾತೆಯಲ್ಲಿ. ಒಲೆಯಂತೂ ನಿತ್ಯ ಉರಿಯಲೇ ಬೇಕು. ಹಣವೋ ವರ್ಷಕ್ಕೆ ಒಂದೆರಡು ಸಲ ಬರುವುದು. ಈ ಅಂತರವನ್ನು ತುಂಬುವುದು ಉದ್ರಿ.

ಉದ್ರಿಗೆ ಬಡ್ಡಿಯನ್ನು ಬಾಯಿಬಿಟ್ಟು ಹೇಳುವ ವಾಡಿಕೆ ಕಿರಾಣಿಯಲ್ಲಿ ಕಡಿಮೆ. ಆದರೂ ಅದರ ವೆಚ್ಚ ದೊಡ್ಡದು. ಒಬ್ಬ ಅಂಗಡಿಕಾರನ ಬಂಡವಾಳ ೧ ಲಕ್ಷ ರೂಪಾಯಿಯೆಂದೂ, ಅದು ಒಮ್ಮೆ ತಿರುಗಿದರೆ ನೂರಕ್ಕೆ ೧೦ ರೂಪಾಯಿ ಲಾಭವೆಂದೂ ಎಣಿಸಿದರೆ, ತಿಂಗಳಿಗೊಮ್ಮೆ ತಿರುಗುವ ಬಂಡವಾಳವು ವರ್ಷಕ್ಕೆ ೧,೨೦,೦೦೦ ರೂಪಾಯಿ ತರುವುದು. ಅದೇ ಬಂಡವಾಳದ ಅರ್ಧವು ಆರಾರು ತಿಂಗಳು ಉದ್ರಿಯಲ್ಲಿ ಸಿಕ್ಕಿಕೊಂಡರೆ, ಆ ಅರ್ಧದಿಂದ ೧೦,೦೦೦, ಉಳಿದ ಅರ್ಧದಿಂದ ೬೦,೦೦೦, ಒಟ್ಟು ೭೦,೦೦೦ ರೂಪಾಯಿ ಮಾತ್ರ ಬರುವುದು. ನಷ್ಟವಾದ ೫೦,೦೦೦ ರೂಪಾಯಿಯೇ ಆತನು ಗಿರಾಕಿಗಳಿಗಾಗಿ ತೆತ್ತ ಬಡ್ಡಿ. ಇದರ ಸ್ವಲ್ಪ ಭಾಗವನ್ನು ವಿತರಕನ ವಾಯಿದೆಯಿಂದಲೂ, ಇನ್ನಷ್ಟನ್ನು ಬೆಲೆಯಲ್ಲಿ ರಿಯಾಯಿತಿ ಕೊಡದೆಯೂ ಆತನು ತುಂಬಿಕೊಳ್ಳುವನು. ಗಿರಾಕಿಯಾದವನು ಇದನ್ನು ಅರಿಯದವನಲ್ಲ. ಬೇರೆ ಅಂಗಡಿಯಲ್ಲಿ ಎರಡು ರೂಪಾಯಿ ಕಡಿಮೆಯಿದ್ದರೂ ಉದ್ರಿ ಕೊಟ್ಟ ಅಂಗಡಿಯನ್ನು ಬಿಡದಿರುವುದಕ್ಕೆ ಇದೇ ಕಾರಣ.

ಉದ್ರಿ ಕೊಡುವುದಕ್ಕೆ ಬೇಕಾದುದು ಹಣಕ್ಕಿಂತ ಮಿಗಿಲಾಗಿ ತಿಳಿವಳಿಕೆ. ಯಾರ ಹೊಲಕ್ಕೆ ನೀರುಂಟು, ಯಾರ ಮನೆಯಲ್ಲಿ ಮದುವೆ ನಿಶ್ಚಯವಾಗಿದೆ, ಯಾರ ಮಗನಿಗೆ ನೌಕರಿ ಸಿಕ್ಕಿದೆ, ಯಾರ ಮನೆಯಲ್ಲಿ ರೋಗ ಹೊಕ್ಕಿದೆ ಎಂಬುದನ್ನೆಲ್ಲ ಬಲ್ಲವನು ಮಾತ್ರ ಬಾಕಿಯ ಮಿತಿಯನ್ನು ಗೊತ್ತುಮಾಡಬಲ್ಲನು. ಇಂತಹ ತಿಳಿವಳಿಕೆಯ ಸಂಗ್ರಹವೇ ಖಾತೆ.

ಖಾತೆಯ ಒಡೆತನವು ಈ ಪ್ರಾಂತದಲ್ಲಿ ಹಿಂದೆಯೂ ಜಗಳಕ್ಕೆ ಕಾರಣವಾದುದುಂಟು. ಬೆಳಗಾವಿ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ ಸಾವಕಾರರ ಲೆಕ್ಕಗಳು ಎಷ್ಟೋ ಕಡೆ ಮೋಡಿ ಲಿಪಿಯಲ್ಲಿರುತ್ತಿದ್ದುವು. ಸಾಲಗಾರನಿಗೆ ಅದನ್ನು ಓದುವ ಶಕ್ತಿಯಿರಲಿಲ್ಲ. ಅದೇ ಇಲಾಖೆಯ ಪುಣೆ ಜಿಲ್ಲೆಯಲ್ಲಿ ೧೮೭೫ರ ಮೇ ತಿಂಗಳಲ್ಲಿ ಸುಪೆ ಎಂಬ ಊರಿನಿಂದ ಆರಂಭವಾದ ರೈತರ ದಂಗೆಯಲ್ಲಿ ಜನರು ಮುಖ್ಯವಾಗಿ ಹುಡುಕಿ ಸುಟ್ಟುದು ಸಾಲಪತ್ರಗಳನ್ನೂ ಖಾತೆಯ ಪುಸ್ತಕಗಳನ್ನೂ. ಅದರ ಫಲವಾಗಿ ೧೮೭೯ರಲ್ಲಿ ದಖ್ಖನ್ ರೈತರ ಪರಿಹಾರದ ಕಾನೂನು ಬಂದಿತು. ೧೯೦೪ರ ಸಹಕಾರಿ ಪತ್ತಿನ ಸಂಘಗಳ ಕಾನೂನಿನ ಮರುವರ್ಷವೇ, ೧೯೦೫ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಹಕಾರಿ ಸಂಘವು ಸಾಲದ ಪುಸ್ತಕವನ್ನು ಸಾವಕಾರನ ಕೈಯಿಂದ ಊರವರ ಕೈಗೆ ತಂದ ಪ್ರಯತ್ನ. ಪುಸ್ತಕವನ್ನು ಸುಡುವುದು ಒಂದು ಉಪಾಯ. ತಾವೇ ಬರೆದಿಡುವುದು ಅದಕ್ಕಿಂತ ಬಾಳಿಕೆಯ ಉಪಾಯವೆಂಬುದನ್ನು ಈ ಎರಡು ಘಟನೆಗಳು ತೋರಿಸಿಕೊಡುವುವು.

೪. ಹೊಸ ಹಾದಿಯ ಉದಯ

ದೂರದ ಪೇಟೆಯಿಂದ ಮನೆಬಾಗಿಲಿಗೆ ಸರಕು ತರಿಸುವ ಪದ್ಧತಿಯು ಭಾರತಕ್ಕೆ ತೀರ ಹೊಸದಲ್ಲ. ೧೮೭೭ರಲ್ಲಿ ಅಂಚೆಯ ಇಲಾಖೆಯು ವಿ.ಪಿ. ಪದ್ಧತಿಯನ್ನು ಆರಂಭಿಸಿದಂದಿನಿಂದ ಪುಸ್ತಕ, ಔಷಧ, ಗಡಿಯಾರಗಳು ಹಳ್ಳಿಗಳಿಗೂ ಬರುತ್ತಿದ್ದುವು. ಕಟ್ಟು ಕೈಸೇರುವಾಗ ಹಣ ಕೊಟ್ಟರಾಯಿತು. ೨೦೦೭ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಎಂಬವರು ಆರಂಭಿಸಿದ ಫ್ಲಿಪ್‌ಕಾರ್ಟ್ ಸಂಸ್ಥೆಯು ಮೊದಲು ಮಾರಿದುದು ಪುಸ್ತಕಗಳನ್ನು. ೨೦೧೦ರಲ್ಲಿ ಅದು ಸರಕು ಮುಟ್ಟಿದ ಮೇಲೆ ಹಣ ಪಡೆಯುವ ಕ್ರಮವನ್ನು ಕೈಗೊಂಡಾಗ ಹಳೆಯ ವಿ.ಪಿ.ಯ ತತ್ವವೇ ಹೊಸ ರೂಪದಲ್ಲಿ ಮರಳಿ ಬಂದಿತು. ೨೦೧೮ರಲ್ಲಿ ಅಮೇರಿಕದ ವಾಲ್‌ಮಾರ್ಟ್ ಸಂಸ್ಥೆಯು ೧,೬೦೦ ಕೋಟಿ ಡಾಲರು ತೆತ್ತು ಫ್ಲಿಪ್‌ಕಾರ್ಟಿನ ನೂರಕ್ಕೆ ೭೭ರಷ್ಟು ಪಾಲನ್ನು ಕೊಂಡಿತು.

ಕಿರಾಣಿ ಅಂಗಡಿಗೆ ಹೆಚ್ಚು ಸಮೀಪವಾದುದು ಅಂಗಡಿಗಳಿಗೇ ಸರಕು ಮಾರುವ ವೇದಿಕೆಗಳು. ಇದಕ್ಕೆ ಪೂರ್ವಪೀಠಿಕೆಯಾಗಿ ಜರ್ಮನಿಯ ಮೆಟ್ರೋ ಸಂಸ್ಥೆಯು ೨೦೦೩ರಲ್ಲಿ ಬೆಂಗಳೂರಿನಲ್ಲಿ ವ್ಯಾಪಾರಿಗಳಿಗಾಗಿಯೇ ದೊಡ್ಡ ಠೋಕ ಮಳಿಗೆಗಳನ್ನು ತೆರೆದಿತ್ತು. ಅದರ ಭಾರತೀಯ ವ್ಯಾಪಾರವು ೨೦೨೩ರಲ್ಲಿ ರಿಲಯನ್ಸ್ ಸಂಸ್ಥೆಯ ವಶವಾಯಿತು. ೨೦೧೬ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಉಡಾನ್ ವೇದಿಕೆಯು ಮಳಿಗೆಗೆ ಹೋಗುವ ಶ್ರಮವನ್ನೂ ತಪ್ಪಿಸಿತು. ಅಂಗಡಿಕಾರನು ಮೊಬೈಲಿನಲ್ಲಿ ಯಾದಿಯನ್ನು ಕಳಿಸಿದರೆ ಸರಕು ಅಂಗಡಿಗೆ ಬರುವುದು. ಆತನ ಹಿಂದಿನ ಖರೀದಿಯನ್ನು ನೋಡಿ ವಾಯಿದೆಯೂ ದೊರೆಯುವುದು. ರಿಲಯನ್ಸಿನ ಜಿಯೋಮಾರ್ಟ್ ಅದೇ ದಾರಿಯನ್ನು ಹಿಡಿಯಿತು. ತಯಾರಕ ಕಂಪನಿಗಳೂ ಸುಮ್ಮನಿರದೆ, ಅಂಗಡಿಕಾರನು ತಮ್ಮ ಸರಕನ್ನು ನೇರವಾಗಿ ಬೇಡಲು ತಮ್ಮವೇ ಆದ ಆ್ಯಪ್‌ಗಳನ್ನು ಹೊರತಂದುವು; ಹಿಂದುಸ್ತಾನ್ ಯುನಿಲೀವರಿನ ಶಿಖರ್ ಅವುಗಳಲ್ಲೊಂದು.

ಇದರಿಂದ ವಿತರಕರಲ್ಲಿ ಹುಟ್ಟಿದ ಅಸಮಾಧಾನವು ೨೦೨೨ರ ಆರಂಭದಲ್ಲಿ ಬಹಿರಂಗವಾಯಿತು. ದೇಶದ ವಿತರಕರ ಒಕ್ಕೂಟವು, ಅದೇ ಕಂಪನಿಯ ಅದೇ ಸರಕು ವೇದಿಕೆಗಳಿಗೆ ಕಡಿಮೆ ಬೆಲೆಗೂ ತಮಗೆ ಹೆಚ್ಚಿನ ಬೆಲೆಗೂ ದೊರೆಯುತ್ತಿರುವುದೆಂದು ಆಕ್ಷೇಪಿಸಿ, ಬೆಲೆಯಲ್ಲಿ ಸಮತೆ ಬರುವ ವರೆಗೆ ಅಸಹಕಾರ ಹೂಡುವುದಾಗಿ ಸಾರಿತು. ಮಹಾರಾಷ್ಟ್ರದಲ್ಲಿ ಕೆಲವು ಹೆಸರಾಂತ ಸರಕುಗಳ ಪೂರೈಕೆಯೂ ನಿಂತಿತು. ಕಂಪನಿಗಳು ಮಾತುಕತೆಗೆ ಇಳಿಯಬೇಕಾಯಿತು. ವಿತರಕನನ್ನು ಬಿಟ್ಟುಬಿಡುವುದು ಲೆಕ್ಕದ ಹಾಳೆಯ ಮೇಲೆ ಸುಲಭ. ಹಳ್ಳಿಯ ರಸ್ತೆಯ ಮೇಲೆ ಕಷ್ಟವೆಂಬುದು ಆಗ ವ್ಯಕ್ತವಾಯಿತು. ನಗರದಲ್ಲಿ ಒಂದು ಓಣಿಯಲ್ಲಿ ಹತ್ತು ಅಂಗಡಿಗಳಿಗೆ ಸರಕು ಇಳಿಸುವ ಗಾಡಿಗೂ, ಎರಡೆರಡು ಊರುಗಳ ನಡುವೆ ಹೊಲಗಳನ್ನೇ ದಾಟಬೇಕಾದ ಗಾಡಿಗೂ ಒಂದು ಪುಡಿಕೆಯ ಮೇಲೆ ಬೀಳುವ ವೆಚ್ಚವು ಒಂದೇ ಆಗದು.

ಸರಕಾರದ ನಿಯಮಗಳೂ ಈ ಕಾಲದಲ್ಲಿಯೇ ರೂಪುಗೊಂಡುವು. ಪರದೇಶದ ಬಂಡವಾಳವುಳ್ಳ ವೇದಿಕೆಯು ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸಬಹುದು, ತಾನೇ ದಾಸ್ತಾನು ಇಟ್ಟು ಬಳಕೆದಾರರಿಗೆ ಮಾರಲಾಗದೆಂದು ೨೦೧೬ರಲ್ಲಿ ಕೇಂದ್ರ ಸರಕಾರವು ವಿಧಿಸಿತು. ೨೦೧೮ರ ಡಿಸೆಂಬರದಲ್ಲಿ ಪ್ರಕಟವಾಗಿ ೨೦೧೯ರ ಫೆಬ್ರುವರಿ ೧ರಿಂದ ಜಾರಿಗೆ ಬಂದ ನಿಯಮಗಳು ಇದನ್ನು ಮತ್ತಷ್ಟು ಬಿಗಿಗೊಳಿಸಿದುವು. ೨೦೨೦ರ ಜನವರಿಯಲ್ಲಿ ಭಾರತದ ಸ್ಪರ್ಧಾ ಆಯೋಗವು ದಿಲ್ಲಿಯ ವ್ಯಾಪಾರಿಗಳ ದೂರಿನ ಮೇಲೆ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಸಂಸ್ಥೆಗಳ ವಿಚಾರಣೆಗೆ ಆಜ್ಞಾಪಿಸಿದಾಗ ಆ ವ್ಯಾಜ್ಯವು ಬಂದು ನಿಂತುದು ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ. ಅಲ್ಲಿ ೨೦೨೧ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಸಂಸ್ಥೆಗಳ ಅರ್ಜಿಗಳು ವಜಾ ಆದುವು. ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಚಾರಣೆಯನ್ನು ತಡೆಯಲು ಒಪ್ಪಲಿಲ್ಲ. ದೂರಿನ ಸಾರವು ಲಕ್ಷ್ಯದಲ್ಲಿಡತಕ್ಕದ್ದು. ವೇದಿಕೆಯು ಎಲ್ಲ ಮಾರಾಟಗಾರರ ಲೆಕ್ಕವನ್ನೂ ಬಲ್ಲದು; ಕೆಲವರಿಗೆ ಮಾತ್ರ ಮುಂದಿನ ಸಾಲಿನ ಸ್ಥಾನ ಕೊಡುವುದೆಂಬುದೇ ಆಕ್ಷೇಪಣೆ. ಸಂತೆಯ ಕಟ್ಟೆಯನ್ನು ಹಂಚುವವನಿಗೆ ಸಂತೆಯಲ್ಲಿ ಯಾರಿಗೆ ಎಷ್ಟು ವ್ಯಾಪಾರವಾಯಿತೆಂಬುದೂ ತಿಳಿದಿದ್ದರೆ ಯಾವ ಸಂಶಯ ಹುಟ್ಟುವುದೋ ಅದೇ ಸಂಶಯ ಇದು.

೫. ಲೆಕ್ಕದ ಸ್ಥಳಾಂತರ

ಕಬ್ಬೂರದಂತಹ ಊರಿನಲ್ಲಿ ಸರಕಿನ ಹಾದಿಗಿಂತ ಬೇಗನೆ ಬದಲಾದುದು ಹಣದ ಹಾದಿ. ೨೦೧೬ರ ಏಪ್ರಿಲಿನಲ್ಲಿ ಯುಪಿಐ ಪದ್ಧತಿ ಪ್ರಾರಂಭವಾಯಿತು. ಅದೇ ವರ್ಷದ ನವೆಂಬರ ೮ರಂದು ೫೦೦ ಮತ್ತು ೧,೦೦೦ ರೂಪಾಯಿಗಳ ನೋಟುಗಳು ರದ್ದಾದುವು. ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ೨೦೨೦ರ ಜನವರಿ ೧ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಯಾವ ಶುಲ್ಕವನ್ನೂ ಪಡೆಯಕೂಡದೆಂದು ಗೊತ್ತಾಯಿತು. ಇದಾದ ಮೇಲೆ ಚಹದ ಗಾಡಿಯಿಂದ ಹಿಡಿದು ಬಟ್ಟೆಯ ಅಂಗಡಿಯ ವರೆಗೆ ಚೌಕಾಕಾರದ ಸಂಕೇತಪಟವು ಅಂಟಿಕೊಂಡುದು ಆಶ್ಚರ್ಯವಲ್ಲ.

ಶುಲ್ಕವಿಲ್ಲದ ಸೇವೆಯನ್ನು ಸಂಸ್ಥೆಗಳು ಏಕೆ ಇಷ್ಟು ಹುರುಪಿನಿಂದ ಹಂಚಿದುವೆಂಬ ಪ್ರಶ್ನೆ ಸಹಜವಾದುದು. ಪ್ರತಿಯೊಂದು ಪಾವತಿಯೂ ಒಂದು ಲೆಕ್ಕದ ಸಾಲು. ದಿನಕ್ಕೆ ಎಷ್ಟು ಗಿರಾಕಿಗಳು, ಯಾವ ವೇಳೆಯಲ್ಲಿ, ಎಷ್ಟೆಷ್ಟು ಕೊಟ್ಟರೆಂಬ ಸಾಲುಗಳು ಕೂಡಿದರೆ ಆ ಅಂಗಡಿಯ ಕೀರ್ದಿಯೇ ಸಿದ್ಧವಾದಂತೆ. ಫೋನ್‌ಪೇ ಮೊದಲಾದ ಸಂಸ್ಥೆಗಳು ಇಂತಹ ವಹಿವಾಟಿನ ಆಧಾರದ ಮೇಲೆ ವ್ಯಾಪಾರಿಗಳಿಗೆ ಸಾಲ ಕೊಡಿಸುವ ಏರ್ಪಾಡನ್ನು ಮಾಡಿರುವುವು. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಖಾತಾಬುಕ್, ಓಕೆಕ್ರೆಡಿಟ್ ಎಂಬ ಸಂಸ್ಥೆಗಳು ಇನ್ನೂ ಮುಂದೆ ಹೋಗಿ ಉದ್ರಿಯ ಪುಸ್ತಕವನ್ನೇ ಮೊಬೈಲಿಗೆ ತಂದುವು. ಅಂಗಡಿಕಾರನು ಗಿರಾಕಿಯ ಹೆಸರಿನಲ್ಲಿ ಬಾಕಿಯನ್ನು ದಾಖಲಿಸಿದರೆ ಗಿರಾಕಿಯ ಮೊಬೈಲಿಗೆ ನೆನಪಿನ ಸಂದೇಶವು ಹೋಗುವುದು.

ಇದರ ಪ್ರಯೋಜನವನ್ನು ಅಲ್ಲಗಳೆಯಲಾಗದು. ಹಳೆಯ ಕೆಂಪು ಪುಸ್ತಕವು ಮಳೆಗೆ ನೆನೆಯಬಹುದು, ಗೆದ್ದಲಿಗೆ ಈಡಾಗಬಹುದು, ಕೂಡಿಸುವಲ್ಲಿ ತಪ್ಪಬಹುದು. ಬಾಕಿ ಕೇಳುವ ಸಂಕೋಚದಿಂದ ಅಂಗಡಿಕಾರನನ್ನು ಹೊಸ ಸಾಧನವು ಪಾರುಮಾಡುವುದು. ಗಿರಾಕಿಗೂ ತನ್ನ ಹೆಸರಿನಲ್ಲಿ ಏನು ಬರೆದಿದೆಯೆಂಬುದು ತಿಳಿಯುವುದು. ಮೋಡಿ ಲಿಪಿಯ ಕಾಲದ ಸಾಲಗಾರನಿಗೆ ಈ ಸೌಲಭ್ಯವಿರಲಿಲ್ಲ. ಬ್ಯಾಂಕಿನ ಬಾಗಿಲನ್ನೇ ಕಾಣದಿದ್ದ ಸಣ್ಣ ಅಂಗಡಿಗೆ ಅಡವಿಲ್ಲದೆ ಸಾಲ ದೊರೆಯುವುದೂ ಸಣ್ಣ ಮಾತಲ್ಲ.

ಆದರೂ ಎರಡು ತೊಡಕುಗಳು ಉಳಿಯುವುವು. ವೇದಿಕೆಯ ಸಾಲಕ್ಕೆ ವಾಯಿದೆಯು ಕಟ್ಟುನಿಟ್ಟಾದುದು; ಉದ್ರಿಗೆ ವಾಯಿದೆಯು ಸುಗ್ಗಿಯನ್ನು ಅನುಸರಿಸುವುದು. ಅಂಗಡಿಕಾರನು ವೇದಿಕೆಗೆ ಎರಡು ವಾರಗಳಲ್ಲಿ ಹಣ ಕಟ್ಟಬೇಕಾಗಿ, ಗಿರಾಕಿಯು ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುವುದಾದರೆ ನಡುವಿನ ಅಂತರವು ಅಂಗಡಿಕಾರನ ತಲೆಯ ಮೇಲೆ ಬೀಳುವುದು. ಹಿಂದೆ ಈ ಅಂತರವನ್ನು ಪರಿಚಿತನಾದ ವಿತರಕನು "ಮುಂದಿನ ಸಲ ಕೊಡಿರಿ" ಎಂದು ಹೇಳಿ ಸ್ವಲ್ಪಮಟ್ಟಿಗೆ ಹೊರುತ್ತಿದ್ದನು. ಕಾರಖಾನೆಯು ಈ ವರ್ಷ ತಡವಾಗಿ ಹಣ ಕೊಟ್ಟಿತೆಂಬುದು ದೂರದ ಯಂತ್ರಕ್ಕೆ ತಿಳಿಯದು. ತಪ್ಪಿದ ಕಂತು ಮಾತ್ರ ತಿಳಿಯುವುದು. ಹೀಗಾಗಿ ಅಂಗಡಿಕಾರನು ಉದ್ರಿಯನ್ನು ಕಡಿಮೆ ಮಾಡಲು ತೊಡಗಿದರೆ, ಮೊದಲು ಬಾಧೆಗೊಳಗಾಗುವವರು ಸ್ವಂತ ಹೊಲವಿಲ್ಲದ ಕೂಲಿಕಾರರು. ನಗದು ಇದ್ದವರಿಗೆ ವೇದಿಕೆಯಿಂದ ಸರಕು ಅಗ್ಗವಾಗುವ ಕಾಲದಲ್ಲಿಯೇ ನಗದು ಇಲ್ಲದವರಿಗೆ ಸರಕು ದೊರೆಯುವುದೇ ದುಸ್ತರವಾಗಬಹುದು.

ಎರಡನೆಯ ತೊಡಕು ಲೆಕ್ಕವನ್ನು ಓದುವವರು ಯಾರೆಂಬುದು. ೨೦೨೫ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ೨೦೨೧-೨೨ರಿಂದ ೨೦೨೪-೨೫ರ ವರೆಗಿನ ಯುಪಿಐ ಜಮೆಯ ವಿವರಗಳನ್ನು ಪ್ರಮಾಣವಾಗಿಟ್ಟುಕೊಂಡು, ವರ್ಷಕ್ಕೆ ೪೦ ಲಕ್ಷ ರೂಪಾಯಿಯ ನೋಂದಣಿಯ ಮಿತಿಯನ್ನು ದಾಟಿದರೂ ನೋಂದಾಯಿಸಿಕೊಳ್ಳದ ಸಾವಿರಾರು ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರಿಗಲ್ಲದೆ, ತೆರಿಗೆಯೇ ಇಲ್ಲದ ತರಕಾರಿ, ಹಾಲುಗಳನ್ನು ಮಾರುವವರಿಗೂ ನೋಟೀಸು ಬಂದುವು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಸಂಕೇತಪಟವನ್ನು ತೆಗೆದುಹಾಕಿ "ನಗದು ಮಾತ್ರ" ಎಂಬ ಚೀಟಿಯನ್ನು ಅಂಟಿಸಿದರು. ವ್ಯಾಪಾರಿಗಳು ಬಂದ್ ಆಚರಿಸುವುದಾಗಿ ಸಾರಿದ ಮೇಲೆ ಜುಲೈ ೨೩ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಪ್ರತಿನಿಧಿಗಳನ್ನು ಕರೆಯಿಸಿ, ನೋಂದಾಯಿಸಿಕೊಳ್ಳುವವರಿಂದ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಭರವಸೆಯಿತ್ತರು.

ತೆರಿಗೆಯನ್ನು ಸಲ್ಲಿಸತಕ್ಕವರು ಸಲ್ಲಿಸಬೇಕೆಂಬುದು ನ್ಯಾಯ. ಇಲಾಖೆಯು ತನ್ನ ಅಧಿಕಾರವನ್ನು ಮೀರಿತೆಂದು ಹೇಳುವಂತಿಲ್ಲ. ಆದರೆ ಒಂದು ಮೊಬೈಲಿಗೆ ಬಂದ ಹಣವೆಲ್ಲ ವ್ಯಾಪಾರದ ಹಣವಲ್ಲ. ಅದರಲ್ಲಿ ಕೈಗಡವಿರುವುದು, ನೆಂಟರ ಹಣವಿರುವುದು, ಮಗಳ ಮದುವೆಯ ಮುಯ್ಯಿಯೂ ಇರುವುದು. ಕಾಗದದ ಕೀರ್ದಿಯಲ್ಲಿ ಈ ಬಾಬುಗಳನ್ನು ಬೇರೆ ಬೇರೆಯಾಗಿ ಬರೆಯುವವನು ಅಂಗಡಿಕಾರನೇ ಆಗಿದ್ದನು. ಹೊಸ ಪುಸ್ತಕವನ್ನು ಬರೆಯುವುದು ಯಂತ್ರ. ಬಾಬು ಯಾವುದೆಂದು ಅದು ಕೇಳುವುದಿಲ್ಲ. ಹಿಂದೆ ಸಾಲಗಾರನು ಸಾವಕಾರನ ಪುಸ್ತಕದ ಎದುರು ನಿಂತಂತೆ ಈಗ ಅಂಗಡಿಕಾರನು ತನ್ನದೇ ವ್ಯಾಪಾರದ ಪುಸ್ತಕದ ಎದುರು ನಿಲ್ಲಬೇಕಾಯಿತು.

೬. ತಯಾರಕನ ಕಡೆಯ ಸಂಗತಿ: ಅಥಣಿಯ ಚಪ್ಪಲಿ

ಇದು ವರೆಗೆ ಹೇಳಿದುದು ಊರಿನೊಳಗೆ ಬರುವ ಸರಕಿನ ವಿಚಾರ. ಇದೇ ಸೀಮೆಯಿಂದ ಹೊರಗೆ ಹೋಗುವ ಸರಕಿನಲ್ಲಿಯೂ ಅದೇ ತತ್ವವು ಕಾಣಬರುತ್ತದೆ. ಕೊಲ್ಲಾಪುರಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಚರ್ಮದ ಚಪ್ಪಲಿಗಳನ್ನು ಅಥಣಿ, ನಿಪ್ಪಾಣಿ ಮೊದಲಾದ ತಾಲೂಕುಗಳ ಕುಶಲಕರ್ಮಿಗಳು ತಲೆಮಾರುಗಳಿಂದ ಕೈಯಿಂದಲೇ ಹೊಲಿಯುತ್ತ ಬಂದಿರುವರು. ಚರ್ಮವನ್ನು ಗಿಡಮರಗಳ ತೊಗಟೆ ಕಾಯಿಗಳಿಂದ ಹದಮಾಡುವುದೂ, ಮೊಳೆ ಹೊಡೆಯದೆ ಚರ್ಮದ ದಾರದಿಂದಲೇ ಹೊಲಿಯುವುದೂ ಇದರ ವೈಶಿಷ್ಟ್ಯ. ಇವುಗಳಲ್ಲಿ ಬಹಳಷ್ಟು ಜೋಡುಗಳು ಸಾವಕಾರರ ಮೂಲಕ ಕೊಲ್ಲಾಪುರದ ಪೇಟೆಯನ್ನು ಸೇರಿ ಅಲ್ಲಿಯ ಹೆಸರನ್ನು ಪಡೆದುವು. ಮಾಡಿದವನಿಗೆ ಮೆಟ್ಟಿದವನು ಗೊತ್ತಿಲ್ಲ. ಮೆಟ್ಟಿದವನಿಗೆ ಮಾಡಿದ ಊರು ಗೊತ್ತಿಲ್ಲ. ಇಬ್ಬರನ್ನೂ ಬಲ್ಲವನು ನಡುವಿನ ವ್ಯಾಪಾರಿ.

೨೦೧೯ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತುದು ಪ್ರಕಟವಾದಾಗ ಮಹಾರಾಷ್ಟ್ರದ ೪ ಮತ್ತು ಕರ್ನಾಟಕದ ೪ ಜಿಲ್ಲೆಗಳು ಅದರಲ್ಲಿ ಸೇರಿದುವು. ಕರ್ನಾಟಕದವು ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರ. ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳು, ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ, ಆ ಗುರುತಿನ ಒಡೆತನವನ್ನು ಪಡೆದುವು. ೨೦೨೫ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಗಳನ್ನು ಮೂಲವನ್ನು ಹೇಳದೆ ತೋರಿಸಿದಾಗ ಅವುಗಳ ಚಿತ್ರಗಳು ಮೊಬೈಲುಗಳಲ್ಲಿ ಹರಡಿ ಆಕ್ಷೇಪಣೆ ಎದ್ದಿತು. ಸಂಸ್ಥೆಯು ಭಾರತೀಯ ಕುಶಲಕಲೆಯೇ ತನಗೆ ಪ್ರೇರಣೆಯೆಂದು ಒಪ್ಪಿಕೊಂಡು, ಅದೇ ವರ್ಷದ ಡಿಸೆಂಬರದಲ್ಲಿ ಈ ಎರಡು ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. ಭೌಗೋಳಿಕ ಗುರುತೆಂಬುದು ಊರಿನ ಹೆಸರನ್ನು ಊರಿನ ಖಾತೆಗೆ ಬರೆಯುವ ಒಂದು ಕ್ರಮ. ಅದು ಬರೆದಿದ್ದರಿಂದಲೇ ಮಾತುಕತೆಗೆ ಕುಳಿತುಕೊಳ್ಳಲು ಒಬ್ಬ ಒಡೆಯನು ಸಿಕ್ಕಿದನು.

ವೇದಿಕೆಯ ಮೂಲಕ ನೇರವಾಗಿ ಮಾರುವುದು ಕುಶಲಕರ್ಮಿಗೆ ಸುಲಭವೇ ಎಂದು ವಿಚಾರಿಸಿದರೆ ಮತ್ತೆ ಲೆಕ್ಕವೇ ಎದುರಾಗುವುದು. ಅಂಗಡಿಯಲ್ಲಿ ಮಾರುವ ಸಣ್ಣ ವ್ಯಾಪಾರಿಗೆ ೪೦ ಲಕ್ಷದ ವರೆಗೆ ನೋಂದಣಿ ಬೇಕಿಲ್ಲ. ಆದರೆ ಅದೇ ಸರಕನ್ನು ವೇದಿಕೆಯ ಮೂಲಕ ಮಾರಲು, ವ್ಯಾಪಾರ ಎಷ್ಟೇ ಸಣ್ಣದಿದ್ದರೂ, ತೆರಿಗೆಯ ನೋಂದಣಿ ಕಡ್ಡಾಯವೆಂಬುದು ಸಾಮಾನ್ಯ ನಿಯಮವಾಗಿದ್ದಿತು. ೨೦೨೩ರ ಅಕ್ಟೋಬರ ೧ರಿಂದ ಸಣ್ಣ ವ್ಯಾಪಾರಿಗಳಿಗೆ ಇದರಲ್ಲಿ ವಿನಾಯಿತಿ ದೊರೆತರೂ ಅದು ರಾಜ್ಯದ ಎಲ್ಲೆಯೊಳಗಿನ ಮಾರಾಟಕ್ಕೆ ಸೀಮಿತ. ನಿಪ್ಪಾಣಿಯಿಂದ ಬೆಂಗಳೂರಿನ ಗಿರಾಕಿಗೆ ಕಳಿಸಿದರೆ ಒಂದು ವಿಧಿ, ಸುಮಾರು ೪೦ ಕಿಲೋಮೀಟರಿನ ಕೊಲ್ಲಾಪುರಕ್ಕೆ ಕಳಿಸಿದರೆ ಇನ್ನೊಂದು. ಕೈಕಸುಬಿನ ಕೆಲವು ಸರಕುಗಳಿಗೆ ಬೇರೆ ವಿನಾಯಿತಿಗಳುಂಟಾದರೂ ಅವುಗಳನ್ನು ಅರಿತು ನಡೆಯುವುದಕ್ಕೆ ಲೆಕ್ಕ ಬಲ್ಲವರ ನೆರವು ಬೇಕು. ಗಡಿಯ ಸೀಮೆಯ ಪೇಟೆಗಳು ಭಾಷೆಯ ಮತ್ತು ರಾಜ್ಯದ ಗೆರೆಗಳನ್ನು ಲೆಕ್ಕಿಸದೆ ಬೆಳೆದುವು. ವೇದಿಕೆಯ ಲೆಕ್ಕವು ಆ ಗೆರೆಯನ್ನು ಪ್ರತಿಯೊಂದು ಕಟ್ಟಿನ ಮೇಲೂ ಎಳೆಯುವುದು. ಇದಲ್ಲದೆ ಅಳತೆಯಲ್ಲಿ ಎಳ್ಳಷ್ಟು ಹೆಚ್ಚುಕಡಮೆಯಾದರೂ ಚಪ್ಪಲಿ ಹಿಂದಕ್ಕೆ ಬರುವುದು. ಅದರ ವೆಚ್ಚವನ್ನು ಹೊರುವ ಶಕ್ತಿ ಒಂಟಿ ಕುಶಲಕರ್ಮಿಗೆ ಇಲ್ಲ. ಹೀಗಾಗಿ ಹಳೆಯ ಸಾವಕಾರನ ಸ್ಥಾನದಲ್ಲಿ, ವೇದಿಕೆಯ ಭಾಷೆಯನ್ನು ಬಲ್ಲ ಹೊಸ ನಡುವಿನವನು ಬಂದು ಕೂಡುವನು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುವುವು. ಸರಕನ್ನು ಒಡೆಯುವ, ಕೂಡಿಡುವ, ಸಾಗಿಸುವ, ಉದ್ರಿ ಕೊಡುವ ಕೆಲಸಗಳು ಡಿಜಿಟಲ್ ವೇದಿಕೆಗಳಿಂದ ಇಲ್ಲವಾಗಿಲ್ಲ. ಅವುಗಳನ್ನು ಮಾಡುವವರು ಬದಲಾಗಿರುವರು. ಕಬ್ಬೂರದಂತಹ ಊರಿನ ಕಿರಾಣಿ ಅಂಗಡಿಯು ಉಳಿದುಕೊಂಡಿರುವುದು ಬೆಲೆಯ ಬಲದಿಂದಲ್ಲ, ಸುಗ್ಗಿಯ ತನಕ ಕಾಯಬಲ್ಲ ತಾಳ್ಮೆಯ ಬಲದಿಂದ. ಆ ತಾಳ್ಮೆಗೆ ಆಧಾರ ಖಾತೆ. ಖಾತೆಯು ಕೈಬಿಟ್ಟರೆ ಅಂಗಡಿಯು ಇನ್ನೊಬ್ಬರ ಸರಕನ್ನು ಇನ್ನೊಬ್ಬರ ಲೆಕ್ಕದಲ್ಲಿ ಹಂಚುವ ಕಟ್ಟೆಯಾಗಿ ಉಳಿದೀತು.

ಪರಿಹಾರದ ದಾರಿಗಳು ಇಲ್ಲದಿಲ್ಲ. ಒಂದೇ ವೇದಿಕೆಯ ಹಂಗಿಗೆ ಸಿಗದೆ ಯಾವ ಆ್ಯಪ್‌ನಿಂದ ಬೇಕಾದರೂ ಕೊಳ್ಳುವ ಮಾರುವ ಅನುಕೂಲಕ್ಕಾಗಿ ಕೇಂದ್ರ ಸರಕಾರದ ಪ್ರೇರಣೆಯಿಂದ ೨೦೨೧ರ ಡಿಸೆಂಬರದಲ್ಲಿ ಒಎನ್‌ಡಿಸಿ ಸಂಸ್ಥೆಯು ಸ್ಥಾಪಿತವಾಯಿತು. ೨೦೨೨ರಲ್ಲಿ ಅದರ ಮೊದಲ ಪ್ರಯೋಗ ನಡೆದ ನಗರಗಳಲ್ಲಿ ಬೆಂಗಳೂರೂ ಒಂದು. ತನ್ನ ಹಣಕಾಸಿನ ಲೆಕ್ಕವನ್ನು ತನ್ನ ಒಪ್ಪಿಗೆಯಿಂದ ಮಾತ್ರ ಬ್ಯಾಂಕಿಗೆ ತೋರಿಸುವ ಅಕೌಂಟ್ ಅಗ್ರಿಗೇಟರ್ ಪದ್ಧತಿಯು ೨೦೨೧ರಿಂದ ಬಳಕೆಯಲ್ಲಿದೆ. ೨೦೨೩ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾನೂನೂ ಬಂದಿದೆ. ಇವು ದೊಡ್ಡ ಏರ್ಪಾಡುಗಳು. ಹಳ್ಳಿಯ ಗಲ್ಲೆಯ ಹತ್ತಿರ ಅವು ತಾವಾಗಿ ಬಂದು ನಿಲ್ಲಲಾರವು. ಒಂದು ತಾಲೂಕಿನ ಅಂಗಡಿಕಾರರು ಕೂಡಿ ಒಂದೇ ಯಾದಿಯಿಂದ ಸರಕು ಕೊಳ್ಳುವುದು, ವ್ಯಾಪಾರದ ಜಮೆಗೂ ಮನೆಯ ಜಮೆಗೂ ಬೇರೆ ಬೇರೆ ಖಾತೆಗಳನ್ನಿಡುವುದು, ಮೊಬೈಲಿನ ಉದ್ರಿಯ ಲೆಕ್ಕಕ್ಕೆ ಕೈಬರಹದ ಪ್ರತಿಯೊಂದನ್ನು ಇಟ್ಟುಕೊಳ್ಳುವುದು, ಸಾಲದ ವಾಯಿದೆಯನ್ನು ಸುಗ್ಗಿಗೆ ಹೊಂದಿಸಬೇಕೆಂದು ಸಹಕಾರಿ ಬ್ಯಾಂಕುಗಳನ್ನು ಒತ್ತಾಯಿಸುವುದು, ಇವು ಅವರವರ ಕೈಯೊಳಗಿನ ಕೆಲಸಗಳು. ಕಣಗಿನಹಾಳದವರು ೧೯೦೫ರಲ್ಲಿ ಮಾಡಿದುದೂ ಇದಕ್ಕಿಂತ ಹೆಚ್ಚಿನದೇನಲ್ಲ. ಅವರು ತಮ್ಮ ಊರಿನ ಲೆಕ್ಕವನ್ನು ತಮಗೆ ಓದಲು ಬರುವ ಅಕ್ಷರದಲ್ಲಿ ತಾವೇ ಬರೆದಿಟ್ಟುಕೊಂಡರು.